ಹೊಲದ ಥಂಡಿಗೆ ಯಾವ ಕೋಟು? ದಪ್ಪ ನೋಡಿ ಮೋಸ ಹೋಗಬೇಡಿ



ಈ ವಾರ ಬೆಳೆ ಬಗ್ಗೆ ಬರೀತಿಲ್ಲ, ಗೊಬ್ಬರದ ಬಗ್ಗೆಯೂ ಇಲ್ಲ. ಬೆಳೆಯೋ ಮನುಷ್ಯನ ಮೈ ಮೇಲಿರೋ ಬಟ್ಟೆ ಬಗ್ಗೆ ಬರೀತಿದ್ದೀನಿ. ಮಲ್ಚಿಂಗ್ ಶೀಟ್ ತರೋಕೆ ಹೋದ್ರೆ ನಾವು ನಾಲ್ಕು ಅಂಗಡಿ ತಿರುಗ್ತೀವಿ, ಎಷ್ಟು ಮೈಕ್ರಾನ್, ಎಷ್ಟು ವರ್ಷ ಬಾಳಿಕೆ ಎಲ್ಲ ಕೇಳ್ತೀವಿ. ಚಳಿಗಾಲದ ಕೋಟು ತರುವಾಗ ಮಾತ್ರ ಬಣ್ಣ ಮತ್ತು ರೇಟು ಬಿಟ್ಟರೆ ಮೂರನೇದು ಕೇಳಲ್ಲ. ನಾನೂ ಕೇಳಿರಲಿಲ್ಲ. ಅದಕ್ಕೆ ನಮ್ಮಪ್ಪ ದಂಡ ತೆತ್ತರು.

ಆ ಜನವರಿ ರಾತ್ರಿ

ನಮ್ಮ ಹೊಲ ಇರೋದು ಬೀದರ ಜಿಲ್ಲೆಯಲ್ಲಿ. ರಾಜ್ಯದಲ್ಲಿ ಚಳಿಗೆ ಹೆಸರಾದ ಜಾಗ. ಡಿಸೆಂಬರ್–ಜನವರಿಯಲ್ಲಿ ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯೋದು ನಮಗೆ ಹೊಸದಲ್ಲ. ತೋಟಗಾರಿಕೆ ಪದವಿ ಮುಗಿಸಿ, ಒಂದಷ್ಟು ದಿನ ಕಂಪನಿ ಕೆಲಸ ಮಾಡಿ, ಊರಿಗೆ ವಾಪಸ್ ಬಂದು ಸಾವಯವ ತರಕಾರಿ ಶುರು ಮಾಡಿದವ ನಾನು. ಎರಡು ಎಕರೆ ಮೆಂತ್ಯ, ಪಾಲಕ, ಕೊತ್ತಂಬರಿ, ಉಳಿದದ್ದರಲ್ಲಿ ಜೋಳ, ಕಡಲೆ, ಸ್ವಲ್ಪ ಕಬ್ಬು. ಕಬ್ಬಿನ ನೀರು ಅಪ್ಪನ ಪಾಲು.

ಮೂರು ವರ್ಷದ ಹಿಂದಿನ ಮಾತು. ಆ ವಾರ ನಮಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರ್ತಿತ್ತು. ಅಪ್ಪ ಹನ್ನೊಂದಕ್ಕೇ ಹೊಲಕ್ಕೆ ಹೋಗಿದ್ದರು. ಮೈ ಮೇಲೆ ನಾನು ಹೈದರಾಬಾದಿನಿಂದ ತಂದಿದ್ದ ಟೋಪಿ ಇರೋ ಜಾಕೆಟ್ಟು. ಒಳ್ಳೆ ದಪ್ಪ, ಕೈಯಲ್ಲಿ ಹಿಡಿದರೆ ಭಾರ. 1,600 ರೂಪಾಯಿ ಕೊಟ್ಟಿದ್ದೆ. "ಇಷ್ಟು ದಪ್ಪ ಐತಿ, ಇನ್ನೇನ್ ಥಂಡಿ ಆಗ್ತದ" ಅಂತ ಅವ್ವ ಕೂಡ ಮೆಚ್ಚಿದ್ದಳು.

ಬೆಳಗಿನ ಜಾವ ನಾಲ್ಕಕ್ಕೆ ಅವ್ವ ನನ್ನ ಎಬ್ಬಿಸಿದಳು. "ನಿಮ್ಮಪ್ಪ ಫೋನ್ ಎತ್ತವಲ್ರು. ಹೋಗಿ ನೋಡ್ಕೊಂಡ್ ಬಾರೋ."

ಹೋಗಿ ನೋಡಿದರೆ ಮೋಟರ್ ನಡೀತಿತ್ತು, ನೀರು ಬದು ದಾಟಿ ಪಕ್ಕದ ಹೊಲಕ್ಕೆ ಹೋಗ್ತಿತ್ತು. ಅಪ್ಪ ಬದುವಿನ ಕೆಳಗೆ ಮುದುಡಿ ಕೂತಿದ್ದರು. ಪೈಪಿನ ಜಾಯಿಂಟ್ ಬಿಚ್ಚಿಕೊಂಡು, ಅದನ್ನ ಕೂಡಿಸೋಕೆ ಹೋಗಿ ಸೊಂಟದ ತನಕ, ಎರಡೂ ತೋಳು ಒದ್ದೆ. ಎಷ್ಟು ಹೊತ್ತಾಗಿತ್ತೋ. ಜೇಬಿನಲ್ಲಿ ಫೋನು ಇತ್ತು, ಆದರೆ ಒತ್ತೋಕೆ ಬೆರಳು ಬಗ್ಗುತ್ತಿರಲಿಲ್ಲ. "ಅಪ್ಪಾ" ಅಂದೆ. "ನೀರ್... ನೀರ್ ಹೊಂಟಾದ" ಅಂದರು. ನಾಲಿಗೆ ಕುಡಿದವರ ಥರ ತೊದಲ್ತಿತ್ತು. ನಮ್ಮಪ್ಪ ಕುಡಿಯೋರಲ್ಲ.

ಮನೆಗೆ ತಂದು, ಒದ್ದೆ ಬಟ್ಟೆ ತೆಗೆದು, ಕೌದಿ ಸುತ್ತಿ, ತಾಲ್ಲೂಕು ಆಸ್ಪತ್ರೆಗೆ ಒಯ್ದೆವು. ಮೈಯ ಒಳಗಿನ ಉಷ್ಣಾಂಶವೇ ಇಳಿದಿದೆ, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ಹಿಮ ಬೀಳೋ ಊರಲ್ಲಿ ಮಾತ್ರ ಇದಾಗುತ್ತೆ ಅಂತ ನಾನು ತಿಳಿದಿದ್ದೆ. ಮೈ ಒದ್ದೆಯಾಗಿ ಗಾಳಿ ಬೀಸಿದರೆ 8–10 ಡಿಗ್ರಿಯಲ್ಲೂ ಆಗುತ್ತೆ, ವಯಸ್ಸಾದವರಿಗೆ ಬೇಗ ಆಗುತ್ತೆ.

ಎರಡು ದಿನಕ್ಕೆ ಅಪ್ಪ ಸುಧಾರಿಸಿಕೊಂಡರು. ನಾನು ಆ ಜಾಕೆಟ್ಟಿನ ವಿಷಯ ತೆಗೆದಾಗ ನನಗೇ ಸಮಾಧಾನ ಹೇಳಿದರು: "ಕೋಟೇನ್ ಛಲೋನೇ ಇತ್ತು. ಒದ್ದಿ ಆಯ್ತು, ಅಷ್ಟೇ."

ಆ "ಅಷ್ಟೇ" ಅನ್ನೋದೇ ಈ ಲೇಖನ.

ಥಂಡಿ ಮೈಗೆ ಹತ್ತೋದು ಹೇಗೆ?

ಮೊದಲು ಒಂದು ಮಾತು. ಯಾವ ಕೋಟೂ ಶಾಖ ಕೊಡಲ್ಲ. ಶಾಖ ಕೊಡೋದು ನಮ್ಮ ಮೈ. ಕೋಟು ಮಾಡೋ ಕೆಲಸ ಒಂದೇ, ಮೈ ಸುತ್ತ ಒಂದಿಷ್ಟು ಒಣ ಗಾಳಿಯನ್ನ ಅಲ್ಲಾಡದ ಹಾಗೆ ಹಿಡಿದಿಡೋದು. ಸಸಿ ಮಡಿಗೆ ಪ್ಲಾಸ್ಟಿಕ್ ಸುರಂಗ ಹಾಕ್ತೀವಲ್ಲ, ಅದೇ ಲೆಕ್ಕ. ಸುರಂಗದ ಎರಡೂ ಬಾಯಿ ತೆರೆದಿಟ್ಟರೆ ಒಳಗಿನ ಬಿಸಿ ನಿಲ್ಲುತ್ತಾ? ಈ ಬೆಚ್ಚನೆ ಗಾಳಿಯನ್ನ ಕದಿಯೋ ಕಳ್ಳರು ನಾಲ್ಕು ಜನ.

ಮೊದಲನೇ ಕಳ್ಳ, ನೀರು. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುತ್ತೆ. ಹತ್ತಿ ಬಟ್ಟೆ ನೀರು ಕುಡಿದು ಹಿಡ್ಕೊಳ್ಳುತ್ತೆ, ಬೇಗ ಬಿಡಲ್ಲ. ಬೇಸಿಗೆಯಲ್ಲಿ ಹೊಲಕ್ಕೆ ಒಯ್ಯೋ ನೀರಿನ ಕ್ಯಾನಿಗೆ ಒದ್ದೆ ಗೋಣಿಚೀಲ ಸುತ್ತಿ ತಣ್ಣಗಿಡ್ತೀವಿ. ಜನವರಿ ರಾತ್ರಿ ಅಪ್ಪನ ಮೈಗೆ ನಾನು ಸುತ್ತಿ ಕಳಿಸಿದ್ದೂ ಅದನ್ನೇ. ಆಮೇಲೆ ಆ ಜಾಕೆಟ್ಟಿನ ಲೇಬಲ್ ತಿರುವಿ ನೋಡಿದೆ: 80 ಪರ್ಸೆಂಟ್ ಕಾಟನ್. ಒಣಗೋಕೆ ಬಿಸಿಲಲ್ಲಿ ಎರಡು ದಿನ ತಗೊಂಡಿತು.

ಎರಡನೇ ಕಳ್ಳ, ಗಾಳಿ. 10 ಡಿಗ್ರಿ ಇರುವಾಗ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬೈಕ್ ಓಡಿಸಿದರೆ ಮೈಗೆ ಅದು ಸುಮಾರು 6 ಡಿಗ್ರಿಯ ಥರ ತಾಗುತ್ತೆ. ಬೆಳಗ್ಗೆ ಐದಕ್ಕೆ ತರಕಾರಿ ಹೇರಿಕೊಂಡು ಮಾರ್ಕೆಟ್ಟಿಗೆ ಹೋಗೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಹೆಣೆದ ಸ್ವೆಟರ್ ಎಷ್ಟೇ ದಪ್ಪ ಇರಲಿ, ಗಾಳಿ ಅದರ ಕಣ್ಣುಗಳಲ್ಲಿ ನುಗ್ಗುತ್ತೆ.

ಮೂರನೇ ಕಳ್ಳ, ಬೆವರು. ಇದು ಒಳಗಿನ ಕಳ್ಳ. ಸಲಿಕೆ ಹಿಡಿದು ಅರ್ಧ ಗಂಟೆ ಬದು ಕಟ್ಟಿದರೆ ಥಂಡಿಯಲ್ಲೂ ಬೆನ್ನು ಬೆವರುತ್ತೆ. ಆಮೇಲೆ ನೀರು ಮಡಿ ತುಂಬೋ ತನಕ ಸುಮ್ಮನೆ ಕೂರ್ತೀವಿ. ಬೆವರಿದ ಬನಿಯನ್ನು ಆಗ ತಣ್ಣಗಾಗಿ ಬೆನ್ನಿಗೆ ಅಂಟಿಕೊಳ್ಳುತ್ತೆ. ನಮ್ಮ ಕೆಲಸವೇ ಹಾಗೆ, ಹತ್ತು ನಿಮಿಷ ದುಡಿತ, ಅರ್ಧ ಗಂಟೆ ಕಾಯೋದು. ಸಿಟಿಯವರಿಗೆ ಮಾಡಿದ ಜಾಕೆಟ್ಟು ನಮಗೆ ಒಗ್ಗದೇ ಇರೋದು ಇದಕ್ಕೇ.

ನಾಲ್ಕನೇ ಕಳ್ಳ, ಆಕಾಶ. ಮೋಡ ಇಲ್ಲದ ರಾತ್ರಿ ನೆಲ ತನ್ನ ಶಾಖವನ್ನೆಲ್ಲ ಮೇಲಕ್ಕೆ ಬಿಟ್ಟುಕೊಡುತ್ತೆ. ತಣ್ಣನೆ ಗಾಳಿ ಭಾರ, ಅದು ಇಳಿಜಾರು ಹಿಡಿದು ತಗ್ಗಿಗೆ ಬಂದು ನಿಲ್ಲುತ್ತೆ. ಮೇಲಿನ ಮಡ್ಡಿ ಹೊಲಕ್ಕಿಂತ ಹಳ್ಳದ ದಂಡೆಯ ಕಬ್ಬಿನ ಹೊಲ ಹೆಚ್ಚು ಕೊರೆಯೋದು ಅದಕ್ಕೇ. ಸೂರ್ಯ ಹುಟ್ಟೋ ಹೊತ್ತಿಗೆ ಥಂಡಿ ತುತ್ತತುದಿಯಲ್ಲಿರುತ್ತೆ, ಅದೇ ಹೊತ್ತಿಗೆ ಇಬ್ಬನಿಯೂ ಬಿದ್ದಿರುತ್ತೆ.

ಹಾಗಾಗಿ ಕೋಟು ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ "ಎಷ್ಟು ದಪ್ಪ?" ಅಲ್ಲ. "ಒದ್ದೆ ಆದ್ರೆ ಏನಾಗುತ್ತೆ? ಗಾಳಿ ಒಳಗೆ ಬರುತ್ತಾ?" ಇವೆರಡು.

ಯಾವ ಬಟ್ಟೆ, ಯಾವ ಗುಣ

ಹತ್ತಿ: ಒಣಗಿರೋ ತನಕ ಹಿತ. ಒದ್ದೆಯಾದರೆ ಶತ್ರು. ಸೊಲ್ಲಾಪುರದ ಚಾದರ ಮನೆಯಲ್ಲಿ ಹೊದ್ದು ಮಲಗೋಕೆ ಬಹಳ ಒಳ್ಳೇದು, ನೀರಿನ ಕೆಲಸಕ್ಕಲ್ಲ. ದಪ್ಪ ಕ್ಯಾನ್ವಾಸ್ ಹತ್ತಿ ಮಾತ್ರ ಹೊರ ಕೋಟಿಗೆ ಆಗುತ್ತೆ, ಜಾಲಿ ಮುಳ್ಳಿಗೂ ಬೇಗ ಹರಿಯಲ್ಲ. ಆದರೆ ಅದೂ ನೀರು ಕುಡಿಯುತ್ತೆ, ಒಣ ಕೆಲಸಕ್ಕೆ ಇಟ್ಟುಕೊಳ್ಳಿ.

ಉಣ್ಣೆ: ತನ್ನ ತೂಕದ ಸುಮಾರು 30 ಪರ್ಸೆಂಟ್ ತೇವ ಹೀರಿದ ಮೇಲೂ ಕೈಗೆ ಒದ್ದೆ ಅನ್ನಿಸಲ್ಲ. ನೆನೆದರೂ ಸ್ವಲ್ಪ ಬೆಚ್ಚಗಿಡುತ್ತೆ. ಕಿಡಿ ಬಿದ್ದರೆ ಬೇಗ ಹತ್ತಿಕೊಳ್ಳಲ್ಲ. ತೊಂದರೆ ಅಂದ್ರೆ ರೇಟು, ನೆನೆದಾಗ ಭಾರ, ಮತ್ತೆ ನುಸಿ.

ಅಕ್ರಿಲಿಕ್: ಬಜಾರದಲ್ಲಿ "ಉಲನ್" ಅಂತ ಮಾರೋದರಲ್ಲಿ ಬಹಳಷ್ಟು ಇದೇ. ಚಳಿಗಾಲಕ್ಕೆ ನಮ್ಮ ಊರುಗಳಿಗೆ ಬರೋ ಟಿಬೆಟನ್ ವ್ಯಾಪಾರಿಗಳ ಹತ್ತಿರ ಎರಡೂ ಸಿಗುತ್ತೆ, ಕೇಳಿ ತಗೊಳ್ಳಿ. ಅಕ್ರಿಲಿಕ್ ಕೆಟ್ಟದ್ದಲ್ಲ, ಬೇಗ ಒಣಗುತ್ತೆ, ಅಗ್ಗ. ಆದರೆ ಗಾಳಿ ತಡೆಯಲ್ಲ. ನಡುವಿನ ಪದರಕ್ಕೆ ಸಾಕು.

ಫ್ಲೀಸ್: ಮೆತ್ತಗೆ, ಹಗುರ, ಹಿಂಡಿದರೆ ನೀರು ಬಿಡುತ್ತೆ. 200 ಜಿಎಸ್‌ಎಂ ನಮ್ಮ ಥಂಡಿಗೆ ಸಾಕು, 300 ಇದ್ದರೆ ಇನ್ನೂ ಬೆಚ್ಚಗೆ. ಗಾಳಿ ನುಗ್ಗುತ್ತೆ, ಜೊತೆಗೆ ಮುಳ್ಳು, ಹುಲ್ಲಿನ ಬೀಜ ಎಲ್ಲ ಅಂಟಿಕೊಳ್ಳುತ್ತೆ.

ಉಬ್ಬುಬ್ಬು ಜಾಕೆಟ್ಟು: ಪಾಲಿಯೆಸ್ಟರ್ ತುಂಬಿದ್ದು ಬೆಚ್ಚಗಿರುತ್ತೆ, ಬೈಕಿಗೆ ಒಳ್ಳೇದು. ಹೊಲದಲ್ಲಿ ಒಂದು ಬೋರೆ ಮುಳ್ಳು ಸಿಕ್ಕರೆ ಹತ್ತಿ ಹೊರಗೆ ಬಂದಂಗೆ ಎಲ್ಲ ಹೊರಗೆ.

ರೆಕ್ಸಿನ್ ಜರ್ಕಿನ್: ಗಾಳಿ ಬಿಡಲ್ಲ, ಬೆವರೂ ಹೊರಗೆ ಬಿಡಲ್ಲ. ಬಿಸಿಲಲ್ಲಿ ಒಣಗಿಸಿ ಒಣಗಿಸಿ ಎರಡನೇ ವರ್ಷಕ್ಕೆ ಸಿಪ್ಪೆ ಎದ್ದು ಬರುತ್ತೆ. ನನಗೆ ಅನುಭವವಿದೆ, ದುಡ್ಡು ದಂಡ.

ಲೇಬಲ್ ಇಲ್ಲದ ಬಟ್ಟೆ ಆದರೆ ಅಂಚಿನ ಒಂದು ದಾರ ಕಿತ್ತು, ಮನೆ ಹೊರಗೆ ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್.

ಒಂದು ದಪ್ಪ ಕೋಟಲ್ಲ, ಮೂರು ಪದರ

ಈಗ ನಾನೂ ಅಪ್ಪನೂ ಹಾಕೋದು ಹೀಗೆ.

1. ಮೈಗೆ ತಾಗೋದು: ಹತ್ತಿ ಬನಿಯನ್ ಬದಲು ಆಟದ ಟೀ ಶರ್ಟಿನ ಥರದ ಪಾಲಿಯೆಸ್ಟರ್ ಬನಿಯನ್ ಅಥವಾ ಥರ್ಮಲ್. ಬೆವರನ್ನ ಮೈಯಿಂದ ಆಚೆ ತಳ್ಳುತ್ತೆ.
2. ನಡುವಿನದು: ಉಣ್ಣೆ ಸ್ವೆಟರ್ ಅಥವಾ ಫ್ಲೀಸ್. ಗಾಳಿ ಹಿಡಿದಿಡೋ ಕೆಲಸ ಇದರದ್ದು.
3. ಹೊರಗಿನದು: ಗಟ್ಟಿ ನೇಯ್ಗೆಯ, ಗಾಳಿ ತಡೆಯೋ ಕೋಟು. ಹಗುರ ಇದ್ದರೂ ನಡೆಯುತ್ತೆ. ನೀರಿನ ಕೆಲಸಕ್ಕೆ ನೀರು ಇಳಿದು ಹೋಗೋ ನೈಲಾನ್ ಅಥವಾ ಪಾಲಿಯೆಸ್ಟರ್, ಒಣ ಕೆಲಸಕ್ಕೆ ಕ್ಯಾನ್ವಾಸ್.

ಇದರ ಲಾಭ ಅಂದ್ರೆ ಸಲಿಕೆ ಹಿಡಿಯೋ ಮುಂಚೆ ಒಂದು ಪದರ ತೆಗೆದು ಬದುವಿನ ಮೇಲೆ ಇಡಬಹುದು. ಬೆವರು ಬಂದ ಮೇಲೆ ತೆಗೆದರೆ ಪ್ರಯೋಜನ ಕಡಿಮೆ, ಬರೋ ಮುಂಚೆ ತೆಗೀಬೇಕು. ಕೆಲಸ ನಿಲ್ಲಿಸಿದ ಕೂಡಲೇ ಮತ್ತೆ ಹಾಕಬೇಕು. ಬೆಳಗ್ಗೆ ಒಂಬತ್ತಕ್ಕೆ ಬಿಸಿಲು ಏರಿದ ಮೇಲೂ ಇದೇ ಅನುಕೂಲ.

ತಲೆ, ಕಿವಿ ಮರೀಬೇಡಿ. ನಮ್ಮ ಕಡೆಯ ಕಾನ್‌ಟೋಪಿಗಿಂತ ಒಳ್ಳೇದು ಇನ್ನೂ ಬಂದಿಲ್ಲ. ಕಾಲಿಗೆ ಗಂಬೂಟು. ಒಳಗೆ ಉಣ್ಣೆ ಕಾಲುಚೀಲ ಹಾಕಿದರೆ ಪಾದ ಬೆಚ್ಚಗಿರುತ್ತೆ, ಕತ್ತಲಲ್ಲಿ ಹಾವಿನ ಭಯವೂ ಅಷ್ಟು ಕಡಿಮೆ.

ಅಂಗಡಿಯಲ್ಲಿ ನಿಂತು ಮಾಡೋ ಎಂಟು ಪರೀಕ್ಷೆ

ಅಂಗಡಿಯವನು ನಕ್ಕರೆ ನಗಲಿ. ದುಡ್ಡು ನಿಮ್ಮದು.

1. ಊದಿ ನೋಡಿ. ಹೊರ ಬಟ್ಟೆಯನ್ನ ಬಾಯಿಗೆ ಒತ್ತಿ ಜೋರಾಗಿ ಊದಿ. ಇನ್ನೊಂದು ಕಡೆ ಅಂಗೈಗೆ ಗಾಳಿ ತಾಗಿದರೆ ಬೈಕಿನ ಮೇಲೆ ಅದು ಪರದೆ ಬಟ್ಟೆ ಇದ್ದಂಗೆ.
2. ನಾಲ್ಕು ಹನಿ ನೀರು ಹಾಕಿ. ಮಣಿಯಾಗಿ ಉರುಳಿದರೆ ಒಳ್ಳೇದು. ಕೂಡಲೇ ಕಲೆಯಾಗಿ ಹರಡಿದರೆ ರಾತ್ರಿ ನೀರಿನ ಕೆಲಸಕ್ಕೆ ಬೇಡ.
3. ಸಲಿಕೆ ಎತ್ತಿದಂಗೆ ಎರಡೂ ಕೈ ಎತ್ತಿ. ಸೊಂಟ ಬರಿದಾದರೆ, ಮುಂಗೈ ನಾಲ್ಕು ಬೆರಳು ಹೊರಗೆ ಬಂದರೆ, ಕಂಕುಳಲ್ಲಿ ಬಿಗಿದರೆ ವಾಪಸ್ ಇಡಿ. ಕಂಕುಳ ಹೊಲಿಗೆಯೇ ಮೊದಲು ಬಿಚ್ಚೋದು.
4. ಕುಕ್ಕರಗಾಲಲ್ಲಿ ಕೂತು ನೋಡಿ. ನಾವು ಕಳೆ ಕೀಳೋದು, ಸೊಪ್ಪು ಕೊಯ್ಯೋದು ಹಾಗೇ ಕೂತು. ಕೋಟಿನ ಹಿಂಭಾಗ ಸೊಂಟ ಮುಚ್ಚಬೇಕು, ಆದರೆ ಕೆಸರಲ್ಲಿ ಎಳೆಯಬಾರದು.
5. ಜಿಪ್ಪು ಹತ್ತು ಸಲ ಎಳೆಯಿರಿ. ಸಣ್ಣ ಹಲ್ಲಿನದು ಮಣ್ಣು ಸೇರಿದರೆ ಕಚ್ಚಿಕೊಳ್ಳುತ್ತೆ, ದಪ್ಪ ಹಲ್ಲಿನ ಪ್ಲಾಸ್ಟಿಕ್ ಜಿಪ್ಪು ಹೊಲಕ್ಕೆ ವಾಸಿ. ಮೇಲೆ ಬಟ್ಟೆ ಪಟ್ಟಿ, ಗುಂಡಿ ಇದ್ದರೆ ಇನ್ನೂ ಒಳ್ಳೇದು. ಮನೆಗೆ ಬಂದು ಎಳೆಯೋ ತುದಿಗೆ ಒಂದು ದಾರದ ಕುಣಿಕೆ ಕಟ್ಟಿ. ಬೆರಳು ಮರಗಟ್ಟಿದಾಗ ಅದು ಎಷ್ಟು ಉಪಕಾರ ಅಂತ ಗೊತ್ತಾಗುತ್ತೆ.
6. ಹೊಲಿಗೆ ತಿರುವಿ ನೋಡಿ. ಭುಜ, ಕಂಕುಳು, ಜೇಬಿನ ಮೂಲೆಯಲ್ಲಿ ಜೋಡಿ ಹೊಲಿಗೆ ಬೇಕು. ಎರಡೂ ಕಡೆ ಹಿಡಿದು ಎಳೆದಾಗ ಬೆಳಕು ಕಂಡರೆ ಬಾಳಿಕೆ ಬರಲ್ಲ.
7. ಬಾಯಿಗಳು ಮುಚ್ಚುತ್ತಾವಾ? ಕುತ್ತಿಗೆ, ಮುಂಗೈ, ಸೊಂಟ ಈ ಮೂರು ಕಡೆ ಬಿಗಿ ಮಾಡೋಕೆ ಬರಬೇಕು. ಸುರಂಗದ ಬಾಯಿ ಅಂದೆನಲ್ಲ, ಇವೇ ಅವು.
8. ಒಳ ಜೇಬು. ಫೋನು ಒಣಗಿರೋ ಜಾಗ ಎದೆ ಹತ್ತಿರ ಬೇಕು. ಹೊರ ಜೇಬಿಗೆ ಮುಚ್ಚಳ ಇರಲಿ, ಇಲ್ಲದಿದ್ದರೆ ಮಣ್ಣು, ನೀರು ಅಲ್ಲೇ ತುಂಬುತ್ತೆ.

ಸೈಜು ಯಾವಾಗಲೂ ಒಳಗೆ ಸ್ವೆಟರ್ ಹಾಕಿಕೊಂಡೇ ನೋಡಿ. ಬಹಳ ಸಲ ಒಂದು ಸೈಜು ದೊಡ್ಡದೇ ಬೇಕಾಗುತ್ತೆ. ಬಿಗಿಯಾದ ಕೋಟು ಒಳಗಿನ ಗಾಳಿಯನ್ನ ಹಿಂಡಿ ಹೊರಗೆ ಹಾಕುತ್ತೆ.

ಬಣ್ಣದ ಬಗ್ಗೆ ಒಂದೇ ಮಾತು. ಕರಿ ಕೋಟು ಹಾಕಿ ಬೆಳಗಿನ ಜಾವ ರಸ್ತೆಯಲ್ಲಿ ನಡೆದರೆ ಕಬ್ಬಿನ ಟ್ರ್ಯಾಕ್ಟರಿನವನಿಗೆ ಕಾಣಲ್ಲ. ಕರಿಯದೇ ಇಷ್ಟ ಅಂದ್ರೆ ಬೆನ್ನಿಗೆ, ತೋಳಿಗೆ ರೇಡಿಯಂ ಪಟ್ಟಿ ಹೊಲಿಸಿ. ಟೈಲರ್ 50 ರೂಪಾಯಿ ತಗೊಂಡ.

ಅಜ್ಜನ ಕಂಬಳಿ

ಇಷ್ಟೆಲ್ಲ ಓದಿ ಅಟ್ಟ ಹತ್ತಿದೆ. ಅಲ್ಲಿ ಅಜ್ಜನ ಕಂಬಳಿ ಇತ್ತು, ಡೆಕ್ಕನಿ ಕುರಿಯ ಕರಿ ಉಣ್ಣೆ, ಒರಟು. ಕುರುಬರ ಮಗ್ಗದಲ್ಲಿ ನೇಯ್ದದ್ದು. ನೇಯೋ ಮುಂಚೆ ನೂಲಿಗೆ ಹುಣಸೆ ಬೀಜದ ಅಂಬಲಿ ಹಚ್ಚಿ ಗಟ್ಟಿ ಮಾಡ್ತಾರೆ. ಹೊಸ ಕಂಬಳಿ ಅಟ್ಟೆಯ ಹಾಗೆ ನಿಲ್ಲೋದು ಅದರಿಂದಲೇ. ಕೊಪ್ಪೆ ಮಾಡಿ ತಲೆ ಮೇಲೆ ಇಳಿಬಿಟ್ಟರೆ ಜಿಟಿಜಿಟಿ ಮಳೆ ಮೇಲಿಂದ ಮೇಲೇ ಇಳಿದು ಹೋಗುತ್ತೆ. ನೆನೆದರೂ ಬೆಚ್ಚಗೆ, ಗಾಳಿ ಬಿಡಲ್ಲ, ಬೆಂಕಿ ಹತ್ತಿರ ಕೂತರೂ ಕಿಡಿಗೆ ಜಗ್ಗಲ್ಲ. ನನ್ನ ಲಿಸ್ಟಿನಲ್ಲಿದ್ದ ಅರ್ಧಕ್ಕಿಂತ ಹೆಚ್ಚು ಗುಣ ಅದರಲ್ಲೇ ಇದ್ದವು.

ಹಾಗಂತ ಕಂಬಳಿ ಹೊದ್ದು ಎಲ್ಲ ಕೆಲಸ ಆಗಲ್ಲ. ಎರಡೂ ಕೈ ಬೇಕಾದ ಕೆಲಸಕ್ಕೆ ಜಾರುತ್ತೆ, ತುಂಬ ನೆನೆದರೆ ಭಾರ, ಮಷೀನ್ ಹತ್ತಿರ ಅಪಾಯ. ಆದರೆ ಕೂತು ಕಾಯೋ ಕೆಲಸಕ್ಕೆ, ಅಂದ್ರೆ ಮಡಿ ತುಂಬೋ ತನಕ, ಹಂದಿ ಕಾಯೋಕೆ, ಕಡಲೆ ರಾಶಿ ಕಾವಲಿಗೆ, ಅದರ ಮುಂದೆ ಯಾವ ಜಾಕೆಟ್ಟೂ ಇಲ್ಲ. ಚಳ್ಳಕೆರೆ ಕಡೆ ಇವತ್ತಿಗೂ ನೇಯ್ತಾರೆ. ಕೊಳ್ಳುವಾಗ ದಾರ ಸುಟ್ಟು ನೋಡೋದು ಇಲ್ಲೂ ನಡೆಯುತ್ತೆ, ಮಿಲ್ಲಿನ ನಕಲು ಕಂಬಳಿ ಸಂತೆಯಲ್ಲಿ ಬಹಳ.

ಮಷೀನು, ಬೆಂಕಿ: ಎರಡು ಎಚ್ಚರಿಕೆ

ಟ್ರ್ಯಾಕ್ಟರಿನ ಪಿಟಿಒ ಶಾಫ್ಟ್, ಮೇವು ಕತ್ತರಿಸೋ ಮಷೀನು, ರಾಶಿ ಮಷೀನು, ಬೆಲ್ಟ್ ಇರೋ ಪಂಪು, ಇವುಗಳ ಹತ್ತಿರ ಹೋಗುವಾಗ ಶಾಲು, ಮಫ್ಲರ್, ಕಂಬಳಿ, ಜೋತಾಡೋ ಟೋಪಿ ದಾರ ಯಾವುದೂ ಬೇಡ. ಜಿಪ್ಪು ಮೇಲಕ್ಕೆಳೆದು, ಮುಂಗೈ ಗುಂಡಿ ಹಾಕಿ, ದಾರ ಒಳಗೆ ತುರುಕಿ. ತಿರುಗೋ ಶಾಫ್ಟಿಗೆ ಬಟ್ಟೆ ಸಿಕ್ಕರೆ "ಅಯ್ಯೋ" ಅನ್ನೋಷ್ಟು ಹೊತ್ತು ಸಿಗಲ್ಲ.

ಎರಡನೇದು ಬೆಂಕಿ. ಪಾಲಿಯೆಸ್ಟರ್, ನೈಲಾನ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತೆ. ತೊಗರಿ ಕಟ್ಟಿಗೆ ಚಟಚಟ ಸಿಡಿಯೋದು ನಿಮಗೆ ಗೊತ್ತಲ್ಲ. ಬೆಂಕಿ ಕಾಯಿಸುವಾಗ ದೂರ ಕೂರಿ, ಇಲ್ಲವೇ ಮೇಲೆ ಕಂಬಳಿ ಹೊದ್ದುಕೊಳ್ಳಿ. ಮೋಟರ್ ಕೋಣೆಯ ಬಾಗಿಲು ಹಾಕಿಕೊಂಡು ಒಳಗೆ ಕೆಂಡ ಇಟ್ಟುಕೊಳ್ಳೋದಂತೂ ಬೇಡವೇ ಬೇಡ. ಆ ವಿಷಗಾಳಿಗೆ ವಾಸನೆಯೇ ಇರಲ್ಲ, ಮಲಗಿದವರು ಏಳಲ್ಲ.

"ನಮಗೇನೋ ತಮ್ಮಾ?"

ಅಪ್ಪನಿಗೂ ನನಗೂ ಹೊಸ ಕೋಟು ಬಂದ ವಾರ. ಬೆಳಗ್ಗೆ ಆರಕ್ಕೆ ಮೆಂತ್ಯ ಕೀಳೋಕೆ ಬರೋ ಅಕ್ಕಂದಿರಲ್ಲಿ ಹಿರಿಯಾಕಿ ನನ್ನ ಕೋಟಿನ ತೋಳು ಮುಟ್ಟಿ ನೋಡಿ ನಕ್ಕಳು. "ನಿಮ್ಮಪ್ಪಗ ತಂದಿ, ನೀನೂ ಹಾಕ್ಕೊಂಡಿ. ಇಬ್ಬನ್ಯಾಗ ಕುಂದ್ರೋರು ನಾವು. ನಮಗೇನೋ ತಮ್ಮಾ?"

ಉತ್ತರ ಇರಲಿಲ್ಲ. ನನ್ನ ಹೊಲದಲ್ಲಿ ಎಲ್ಲರಿಗಿಂತ ಹೆಚ್ಚು ಒದ್ದೆಯಾಗೋದು ಅವರೇ. ಸೀರೆ ಮೇಲೆ ಗಂಡಸರ ಹಳೇ ಅಂಗಿ, ಮೊಣಕಾಲ ತನಕ ಇಬ್ಬನಿ ಕುಡಿದ ಸೀರೆ, ಬೆರಳ ತುದಿ ಬೆಳ್ಳಗೆ. ಅಂಗಡಿಯಲ್ಲಿ ಹುಡುಕಿದರೆ ಹೆಣ್ಣುಮಕ್ಕಳಿಗೆ ಅಂತ ಇರೋದೆಲ್ಲ ತೆಳ್ಳನೆ ಸ್ವೆಟರ್, ಸೀರೆ ಮೇಲೆ ಹಾಕಿ ಕೂತು ಕೆಲಸ ಮಾಡೋಕೆ ಆಗದ್ದು.

ಕೊನೆಗೆ ಅವರನ್ನೇ ಕೇಳಿಕೊಂಡು ಟೈಲರ್ ಹತ್ತಿರ ಹೊಲಿಸಿದೆ. ಒಳಗೆ ಫ್ಲೀಸ್, ಹೊರಗೆ ಗಟ್ಟಿ ಪಾಲಿಯೆಸ್ಟರ್, ಮುಂದೆ ದೊಡ್ಡ ಗುಂಡಿ, ಎರಡೂ ಪಕ್ಕ ಸೀಳು, ತೋಳಿನ ಉದ್ದ ಅವರವರ ಅಳತೆಗೆ. ತುದಿಗೆ ಎಲಾಸ್ಟಿಕ್, ನೀರು ಮುಟ್ಟಿದಾಗ ಮೇಲಕ್ಕೆ ಸರಿಸೋಕೆ. ಒಂದಕ್ಕೆ 650 ರೂಪಾಯಿ ಬಿತ್ತು, ಐದು ಹೊಲಿಸಿದೆ. ಸೀರೆಗೆ ಇಬ್ಬನಿ ತಾಗದ ಹಾಗೆ ಪ್ಲಾಸ್ಟಿಕ್ ಹಾಳೆಯ ಏಪ್ರನ್ ಮಾಡಿಕೊಂಡದ್ದು ಅವರದೇ ಉಪಾಯ, ಸೊಂಟಕ್ಕೆ ಲಾಡಿ ಕಟ್ಟಿ ಮೊಣಕಾಲ ಕೆಳಗೆ ಇಳಿಬಿಡ್ತಾರೆ. ಅದಕ್ಕೆ ಖರ್ಚೇ ಇಲ್ಲ ಅನ್ನಬೇಕು.

ಮೊದಲೆಲ್ಲ ಜನವರಿಯಲ್ಲಿ ಏಳೂವರೆ ತನಕ ಕೈ ಓಡ್ತಿರಲಿಲ್ಲ, ಕಟ್ಟು ಸಡಿಲ ಆಗ್ತಿತ್ತು. ಈಗ ಮಾರ್ಕೆಟ್ ಗಾಡಿ ಬೇಗ ಹೊರಡುತ್ತೆ. ಆದರೆ ಲಾಭದ ಲೆಕ್ಕ ಹಾಕಿ ಕೋಟು ಕೊಡಿಸಿ ಅಂತ ನಾನು ಹೇಳ್ತಿಲ್ಲ. ನಮ್ಮ ಹೊಲದಲ್ಲಿ ದುಡಿಯೋರ ಮೈ ಒಣಗಿರಬೇಕು, ಅಷ್ಟೇ. ಕೂಲಿಯವರಿಗೆ ಕುಡುಗೋಲು ಕೊಡ್ತೀವಲ್ಲ, ಇದೂ ಹಾಗೇ ಒಂದು ಸಾಮಾನು.

ಖರ್ಚು ಎಷ್ಟು, ಜೋಪಾನ ಹೇಗೆ

ನನ್ನ ಲೆಕ್ಕ ಹೇಳ್ತೀನಿ: ಪಾಲಿಯೆಸ್ಟರ್ ಬನಿಯನ್ 250, ಫ್ಲೀಸ್ 600, ಹೊರ ಕೋಟು 1,100, ಕಾನ್‌ಟೋಪಿ 120. ಒಟ್ಟು 2,070 ರೂಪಾಯಿ. ಆ ಹೈದರಾಬಾದ್ ಜಾಕೆಟ್ಟಿಗಿಂತ 470 ರೂಪಾಯಿ ಜಾಸ್ತಿ. ಇದು ಮೂರನೇ ಚಳಿಗಾಲ, ಮುಂಗೈ ಎಲಾಸ್ಟಿಕ್ ಒಂದು ಬದಲಾಯಿಸಿದ್ದು ಬಿಟ್ಟರೆ ಏನೂ ಆಗಿಲ್ಲ. ಒಮ್ಮೆಗೇ ದುಡ್ಡು ಇಲ್ಲ ಅಂದ್ರೆ ಮೊದಲು ಹೊರ ಕೋಟು ತಗೊಳ್ಳಿ. ಒಳಗೆ ಮನೆಯಲ್ಲಿರೋ ಹಳೇ ಸ್ವೆಟರ್ ನಡೆಯುತ್ತೆ.

- ಕೆಸರು ಒಣಗಿದ ಮೇಲೆ ಬ್ರಷ್ಷಿನಲ್ಲಿ ಉಜ್ಜಿ ಉದುರಿಸಿ. ದಿನಾ ಒಗೆಯೋದು ಬೇಡ, ಒಗೆದಷ್ಟೂ ಹೊರ ಬಟ್ಟೆಯ ನೀರು ತಡೆಯೋ ಗುಣ ಕಡಿಮೆಯಾಗುತ್ತೆ.
- ನೆರಳಲ್ಲಿ, ಗಾಳಿಗೆ ಒಣಗಿಸಿ. ಉಣ್ಣೆಯನ್ನ ಬಿಸಿ ನೀರಿಗೆ ಹಾಕಿದರೆ ಕುಗ್ಗಿ ಮಗನ ಸ್ವೆಟರ್ ಆಗುತ್ತೆ.
- ಜಿಪ್ಪಿಗೆ ತಿಂಗಳಿಗೊಮ್ಮೆ ಮೇಣದಬತ್ತಿ ಉಜ್ಜಿ.
- ಸಣ್ಣ ಹರುಕು ಕಂಡ ದಿನವೇ ತೇಪೆ ಹಾಕಿ. ಮೊಣಕೈ, ಭುಜಕ್ಕೆ ಮೊದಲೇ ಒಂದು ಪದರ ಕ್ಯಾನ್ವಾಸ್ ಹೊಲಿಸಿದರೆ ಇನ್ನೂ ಒಳ್ಳೇದು.
- ರಾಸಾಯನಿಕ ಸಿಂಪಡಿಸೋರು ಆ ಕೆಲಸಕ್ಕೆ ಬೇರೆಯೇ ಬಟ್ಟೆ ಇಡಿ. ಚಳಿ ಕೋಟು ಹಾಕಿಕೊಂಡು ಔಷಧಿ ಹೊಡೆದು, ಅದೇ ಕೋಟಲ್ಲಿ ಮಗುವನ್ನ ಎತ್ತಿಕೊಳ್ಳಬೇಡಿ.
- ಶಿವರಾತ್ರಿ ಮುಗಿದ ಮೇಲೆ ಉಣ್ಣೆಯನ್ನ ಬಿಸಿಲಿಗೆ ಹಾಕಿ, ಒಣ ಬೇವಿನ ಎಲೆ ಜೊತೆ ಮಡಿಚಿ ಬಿಗಿಯಾದ ಚೀಲದಲ್ಲಿ ಇಡಿ.

ಯಾರಿಗಾದರೂ ಥಂಡಿ ಹತ್ತಿದರೆ

ಇದನ್ನ ದಯವಿಟ್ಟು ಮನೆಯವರಿಗೂ ಓದಿ ಹೇಳಿ. ಗಡಗಡ ನಡುಕ, ಗುಂಡಿ ಬಿಚ್ಚೋಕೆ ಬಾರದ ಬೆರಳು, ತೊದಲು ಮಾತು, ತೂಕಡಿಕೆ, ಗೊಂದಲ ಇವು ಲಕ್ಷಣ. ನಡುಗುತ್ತಿದ್ದವರು ಬೆಚ್ಚಗಾಗದೇ ನಡುಕ ನಿಂತರೆ ಸುಧಾರಿಸಿದರು ಅಂತಲ್ಲ, ಕೆಟ್ಟಿದೆ ಅಂತ ಅರ್ಥ.

ಕೂಡಲೇ ಗಾಳಿ ಇಲ್ಲದ ಕಡೆ ಕರೆತನ್ನಿ. ಒದ್ದೆ ಬಟ್ಟೆ ತೆಗೆದು ಒಣ ಕಂಬಳಿ, ಕೌದಿ ಸುತ್ತಿ, ತಲೆಯೂ ಮುಚ್ಚಿ. ಮೊದಲು ಎದೆ, ಹೊಟ್ಟೆ ಬೆಚ್ಚಗಾಗಲಿ, ಕೈಕಾಲು ಆಮೇಲೆ. ಪೂರ್ತಿ ಎಚ್ಚರವಿದ್ದು ನುಂಗೋಕೆ ಬಂದರೆ ಮಾತ್ರ ಬೆಚ್ಚನೆ ಸಕ್ಕರೆ ಚಹಾ ಅಥವಾ ಹಾಲು. ಕೈಕಾಲು ತಿಕ್ಕಬೇಡಿ, ಬೆಂಕಿ ಮುಂದೆ ಕೂರಿಸಬೇಡಿ, ಕುದಿಯೋ ನೀರು ಹಾಕಬೇಡಿ. "ಒಂದು ಪೆಗ್ ಹಾಕಿದ್ರೆ ಸರಿ ಹೋಗ್ತದ" ಅನ್ನೋದು ಸುಳ್ಳು. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಶಾಖವನ್ನ ಇನ್ನೂ ಬೇಗ ಹೊರಗೆ ಹಾಕುತ್ತೆ. ಮಾತು ತೊದಲ್ತಿದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಕೊನೆಗೆ

ನಮ್ಮ ಮೋಟರ್ ಕೋಣೆಯಲ್ಲಿ ಸ್ಟಾರ್ಟರ್ ಡಬ್ಬಿಯಿಂದ ದೂರ ಒಂದು ಮೊಳೆ ಇದೆ. ಅದಕ್ಕೆ ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲ ನೇತುಹಾಕಿದ್ದೀವಿ. ಒಳಗೆ ಒಣ ಬನಿಯನ್, ಒಂದು ಹಳೇ ಸ್ವೆಟರ್, ಒಂದು ಪ್ಯಾಂಟು, ಒಂದು ಟವೆಲ್. ಪಕ್ಕದಲ್ಲಿ ಅಜ್ಜನ ಕಂಬಳಿ. ಎಷ್ಟೇ ಒಳ್ಳೆ ಕೋಟು ತಂದರೂ ಒಂದಲ್ಲ ಒಂದು ರಾತ್ರಿ ಪೈಪು ಬಿಚ್ಚಿಕೊಳ್ಳುತ್ತೆ, ಮೈ ನೆನೆಯುತ್ತೆ. ಆಗ ಕೆಲಸ ಮುಗಿಸಿ ಮನೆಗೆ ಹೋಗಿ ಬದಲಾಯಿಸೋಣ ಅನ್ನಬೇಡಿ. ಮೊದಲು ಬದಲಾಯಿಸಿ, ಆಮೇಲೆ ಪೈಪು ನೋಡಿ.

ಅಪ್ಪ ಮೊದಮೊದಲು ಆ ಚೀಲ ನೋಡಿ ನಗ್ತಿದ್ದರು. "ನಾ ಏನ್ ಸಾಲಿ ಹುಡುಗನೇನೋ, ಎರಡನೇ ಜೊತೆ ಬಟ್ಟಿ ಕಟ್ಟಿ ಕಳಸಾಕ?" ಹೋದ ವಾರ ಬೆಳಗ್ಗೆ ಮೋಟರ್ ಆರಿಸೋಕೆ ಹೋದಾಗ ನೋಡಿದೆ. ಚೀಲ ಖಾಲಿ ಇತ್ತು, ಒದ್ದೆ ಅಂಗಿ ತಂತಿ ಮೇಲೆ ಹಿಂಡಿ ಹಾಕಿತ್ತು. ಅಪ್ಪ ಕಂಬಳಿ ಕೊಪ್ಪೆಯೊಳಗೆ ಕೂತು ಬೀಡಿ ಸೇದ್ತಾ ನೀರು ನೋಡ್ತಿದ್ದರು.

ಈ ವಾರ ಸಂತೆಗೆ ಹೋದರೆ ಕೋಟಿನ ಲೇಬಲ್ ತಿರುವಿ ಓದಿ. ಹೋಗದಿದ್ದರೂ ಪರವಾಗಿಲ್ಲ, ಇವತ್ತೇ ಒಂದು ಜೊತೆ ಒಣ ಬಟ್ಟೆ ಚೀಲಕ್ಕೆ ಹಾಕಿ ಮೋಟರ್ ಕೋಣೆಯಲ್ಲಿ ನೇತುಹಾಕಿ ಬನ್ನಿ. ಅದಕ್ಕೆ ದುಡ್ಡು ಬೇಡ.